ಏರುವಾಗ ಮಾತ್ರ ಹತ್ತುವ ದೀಪ

ಸ್ಕಾರ್ವ ದ್ವೀಪ
ಮಂಗಳವಾರ, ೧೭ ಅಕ್ಟೋಬರ್

ಗ್ಯಾರಂಟಿಯ ಗಡುವು ತೀರಿದ ಸಮಸ್ತ ವಾಹನಗಳ ಮಹಾಸಭೆಯ ಘನ ಅಧ್ಯಕ್ಷರೇ, ಸ್ಪ್ಯಾನರ್ ಹಿಡಿದ ಸದಸ್ಯರೇ, ಕಂಪ್ಯೂಟರ್ ಎಂಬ ಮೂಕ ಸಾಕ್ಷಿಯೇ,

ಸಿನ್ನೋವ ಹೌಗೆ ಎಂಬ ನಾನು, ವಯಸ್ಸು ಅರವತ್ತಮೂರು, ನಿವೃತ್ತ ಗ್ರಂಥಪಾಲಕಿ, ಊರಿನ ಮದುವೆ, ನಾಮಕರಣ, ಐವತ್ತನೆಯ ಹುಟ್ಟುಹಬ್ಬಗಳಿಗೆ ಪ್ರಾಸ ಹೊಸೆದು ಕೊಡುವವಳು, ತಮ್ಮ ಸನ್ನಿಧಾನದಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ: ನನ್ನ ಕಾರಿಗೆ ಈಗ ಐದು ವರ್ಷ ಮೂರು ವಾರ. ಗ್ಯಾರಂಟಿ ಇರುವ ತನಕ ಗಪ್‌ಚಿಪ್ಪಾಗಿದ್ದ ಗಾಡಿ, ಗಡುವು ಮುಗಿದ ಮರುವಾರವೇ ಕಣ್ಣು ಬಿಟ್ಟಿದೆ. ಹಳದಿ ಕಣ್ಣು, ಎಂಜಿನ್ನಿನ ಚಿತ್ರ ಇರುವಂಥದ್ದು.

ಸಭೆ ಮುಗಿಯಿತು ಐಲಿಫ್. ಇನ್ನು ನಿಮಗೇ ಬರೆಯುತ್ತೇನೆ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ಯಾರಾದರೂ "ಹೇಗಿದ್ದೀರಿ" ಎಂದರೆ ಸಾಕು, "ಏನಿಲ್ಲ, ಎಲ್ಲ ಚೆನ್ನಾಗಿದೆ" ಎಂದು ಇಟ್ಟುಬಿಡುತ್ತೇನೆ. ಎದುರಿಗೆ ಸಿಕ್ಕರೂ ಅದೇ ಕಥೆ. ಆಗಸ್ಟ್‌ನಲ್ಲಿ ಸರ್ವಿಸಿಗೆ ಬಂದಾಗ ನಿಮ್ಮ ಕೌಂಟರಿನ ಮುಂದೆ ನಿಂತು "ಸುರಂಗದಲ್ಲಿ ಒಂದ್ಸಲ ದೀಪ ಮಿಟುಕಿಸಿತು" ಎಂದೆ. ನೀವು ಬರೆದುಕೊಳ್ಳಲು ಪೆನ್ನು ತೆಗೆದಿರಿ. ನಾನೇ "ಅಯ್ಯೋ ಬೇಡ ಬಿಡಿ, ಅದಕ್ಕೆಲ್ಲ ಯಾಕೆ ತೊಂದರೆ" ಎಂದು ನಿಮ್ಮ ಪೆನ್ನಿನ ಮುಚ್ಚಳ ಹಾಕಿಸಿದೆ. ಅಂದು ಗ್ಯಾರಂಟಿ ಇತ್ತು. ಇನ್ನೊಬ್ಬರಿಗೆ ತೊಂದರೆ ಕೊಡಬಾರದು ಎಂದು ಕಲಿತು ಬೆಳೆದ ದ್ವೀಪದವಳಿಗೆ ಆದ ಶಾಸ್ತಿ ಇದು. ಕಾಗದದ ಮೇಲೆ ಮಾತ್ರ ನಾನು ಜಗಳಗಂಟಿ, ಅದಕ್ಕೇ ಕಾಗದ.

ವಿಷಯ ಇಷ್ಟು. ಸೋಮವಾರ, ಬುಧವಾರ, ಶುಕ್ರವಾರ ನನ್ನ ಗಂಡ ಅರ್ವಿಡ್‌ಗೆ ಪಟ್ಟಣದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಅವನ ಎರಡೂ ಮೂತ್ರಪಿಂಡಗಳು ಕೆಲಸ ಬಿಟ್ಟಿವೆ. ವಾರಕ್ಕೆ ಮೂರು ಸಲ ರಕ್ತ ತೊಳೆಸಿಕೊಂಡರೆ ಇದ್ದಾನೆ, ಇಲ್ಲವಾದರೆ ಇಲ್ಲ. ಆಸ್ಪತ್ರೆಯವರ ಟ್ಯಾಕ್ಸಿ ಇದೆ. ಅದು ಮೂರು ಊರು ಸುತ್ತಿ ಮೂವರನ್ನು ತುಂಬಿಕೊಂಡು ಬರುತ್ತದೆ, ಮುಗಿದ ಮೇಲೆ ಸುಸ್ತಾದವನು ಬೆಂಚಿನ ಮೇಲೆ ಒಂದೂವರೆ ಗಂಟೆ ಕಾಯಬೇಕು. ಬೇರೆಯವರ ಮುಂದೆ ವಾಂತಿ ಮಾಡಿಕೊಳ್ಳಲು ಅವನಿಗೆ ನಾಚಿಕೆ. ಆದ್ದರಿಂದ ನಾನೇ ಓಡಿಸುತ್ತೇನೆ. ಹೋಗುತ್ತಾ ಸಮುದ್ರದ ಕೆಳಗಿನ ಸುರಂಗದಲ್ಲಿ ಏಳೂವರೆ ಕಿಲೋಮೀಟರ್, ಬರುತ್ತಾ ಏಳೂವರೆ.

ಸುರಂಗ ಇಳಿಯುವಾಗ ಏನೂ ಇಲ್ಲ. ತಳ ಮುಟ್ಟಿ, ನೀರಿನ ಕೆಳಗೆ ಇನ್ನೂರ ನಲವತ್ತು ಮೀಟರಿನಲ್ಲಿ, ಏರು ಶುರುವಾಗಿ ಆಕ್ಸಿಲರೇಟರ್ ಒತ್ತಿದೆನೋ, ದೀಪ ಹತ್ತುತ್ತದೆ. ಎಂಜಿನ್ ಉಸಿರು ಹಿಡಿಯುತ್ತದೆ. ಮೇಲೆ ಬಂದು ಬೆಳಕು ಕಂಡ ಮೇಲೆ ಮತ್ತೆ ಸರಿ.

ಇಳಿವಾಗ ಇಲ್ಲ, ಏರುವಾಗ ಉಂಟು;
ದೀಪಕ್ಕೂ ಸುರಂಗಕ್ಕೂ ಏನಿಂಥ ನಂಟು?

ನೀವು ಮತ್ತು ಅರ್ವಿಡ್ ಹದಿನಾಲ್ಕು ವರ್ಷ ಒಂದೇ ಫೆರಿಯ ಎಂಜಿನ್ ಕೋಣೆಯಲ್ಲಿ ಮಸಿ ಬಳಿದುಕೊಂಡವರು. ಸುರಂಗ ಬಂತು, ಫೆರಿ ನಿಂತಿತು. ಅವನು ಮೀನಿನ ಕಾರ್ಖಾನೆಗೆ ಹೋದ, ನೀವು ಪಟ್ಟಣದ ಶೋರೂಮಿಗೆ. ಆ ಹಳೆಯ ಸಲಿಗೆಯಲ್ಲಿ ಕೇಳುತ್ತಿದ್ದೇನೆ: ದಯವಿಟ್ಟು ನೋಡಿ.

ಇಂತಿ,
ಸಿನ್ನೋವ

*

ಶುಕ್ರವಾರ, ೨೦ ಅಕ್ಟೋಬರ್

ಪ್ರಿಯ ಸಿನ್ನೋವ,

ನಿಮ್ಮ ಕಾಗದ ತಲುಪಿತು. ಸ್ಪ್ಯಾನರ್ ಹಿಡಿದ ಸದಸ್ಯರಿಗೆ ಓದಿ ಹೇಳಿದೆ. ಊಟದ ಕೋಣೆಯಲ್ಲಿ ಚಪ್ಪಾಳೆ ಬಿತ್ತು.

ನಿಯಮದ ಮಾತು ಮೊದಲು ಮುಗಿಸುತ್ತೇನೆ. ಗ್ಯಾರಂಟಿ ಸೆಪ್ಟೆಂಬರ್ ಕೊನೆಗೆ ತೀರಿದೆ. ಆಗಸ್ಟ್‌ನಲ್ಲಿ ನೀವು ಹೇಳಿದ್ದು ನನಗೆ ನೆನಪಿದೆ. ಆದರೆ ಕಂಪನಿ ನನ್ನ ನೆನಪನ್ನು ದಾಖಲೆ ಎಂದು ಒಪ್ಪುವುದಿಲ್ಲ. ಮುಚ್ಚಳ ಹಾಕಿದ ತಪ್ಪು ಪೆನ್ನು ಹಿಡಿದವನದೂ ಹೌದು.

ಮಂಗಳವಾರ ಗಾಡಿ ಬಿಟ್ಟುಹೋಗಿ. ಅಂದು ಡಯಾಲಿಸಿಸ್ ಇಲ್ಲವಲ್ಲ. ನಿಮ್ಮಂಥ ತೊಂದರೆಗಳು ಸಮತಟ್ಟಾದ ರಸ್ತೆಯಲ್ಲಿ ಕಾಣುವುದಿಲ್ಲ. ಕಂಪ್ಯೂಟರಿಗೆ ಹಚ್ಚಿ ನೋಡಿದ ಮೇಲೆ ನಾನೇ ಸುರಂಗದಲ್ಲಿ ಓಡಿಸಿ ಪರೀಕ್ಷೆ ಮಾಡುತ್ತೇನೆ.

ಅರ್ವಿಡ್‌ಗೆ ನನ್ನ ನಮಸ್ಕಾರ ಹೇಳಿ. ಬೇಡವೆಂದರೆ ಹೇಳಬೇಡಿ.

ಇಂತಿ ನಿಮ್ಮ,
ಐಲಿಫ್ ತ್ವೈಟ್
ಮುಖ್ಯಸ್ಥ, ಸರ್ವಿಸ್ ವಿಭಾಗ

*

ಗುರುವಾರ, ೨ ನವೆಂಬರ್

ಪ್ರಿಯ ಐಲಿಫ್,

ಗಾಡಿ ವಾಪಸು ಕೊಡುವಾಗ ನೀವು ಕೊಟ್ಟ ಜಾಬ್ ಕಾರ್ಡನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ. "ಕಂಪ್ಯೂಟರಿನಲ್ಲಿ ಹಳೆಯ ದೋಷ ಸಂಕೇತವೊಂದಿತ್ತು, ಅಳಿಸಲಾಗಿದೆ. ಸುರಂಗದ ತಳದವರೆಗೆ ಎರಡು ಬಾರಿ ಓಡಿಸಿ ನೋಡಲಾಗಿದೆ. ದೋಷ ಕಂಡುಬಂದಿಲ್ಲ." ಕೆಳಗೆ ನಿಮ್ಮ ಸಹಿ. ಆಸ್ಪತ್ರೆಯ ವರದಿಗಳ ಪಕ್ಕದಲ್ಲಿ ಒಳ್ಳೆಯ ಸುದ್ದಿ ಇದ್ದ ಒಂದೇ ಕಾಗದ ಅದು. ಆ ಧೈರ್ಯದ ಮೇಲೆ ಟ್ಯಾಕ್ಸಿಯವರ ಪಟ್ಟಿಯಿಂದ ಹೆಸರು ತೆಗೆಸಿಬಿಟ್ಟೆ.

ನಿನ್ನೆ ಬುಧವಾರ ವಾಪಸು ಬರುತ್ತಿದ್ದೆವು. ತಳ ದಾಟಿದೆ, ದೀಪ ಹತ್ತಿತು. ಈ ಸಲ ಹತ್ತಿದ್ದು ಮಾತ್ರವಲ್ಲ. ಕಾಲು ನೆಲಕ್ಕೆ ತಾಗುವಷ್ಟು ಒತ್ತಿದರೂ ಮೂವತ್ತರ ಮೇಲೆ ಮುಳ್ಳು ಏಳಲಿಲ್ಲ.

"ಗೇರ್ ಇಳಿಸು," ಎಂದ ಅರ್ವಿಡ್, ಕಣ್ಣು ಮುಚ್ಚಿಕೊಂಡೇ.

"ಇಳಿಸ್ದೆ."

"ಇನ್ನೊಂದು ಇಳಿಸು."

"ಇನ್ನೊಂದು ಇಳಿಸಿದ್ರೆ ನಾವಿಬ್ರೂ ಇಳಿದು ತಳ್ಬೇಕಷ್ಟೆ."

ಅವನು ನಗಲಿಲ್ಲ. ಹಿಂದೆ ಒಂದು ದೊಡ್ಡ ಟ್ಯಾಂಕರ್ ಇತ್ತು. ಕನ್ನಡಿ ತುಂಬ ಅದರದೇ ದೀಪ. ಅದು ಹಾರ್ನ್ ಹೊಡೆದರೆ ಸುರಂಗದೊಳಗೆ ಶಬ್ದ ಮುಂದಿನಿಂದಲೂ ಬರುತ್ತದೆ, ಹಿಂದಿನಿಂದಲೂ ಬರುತ್ತದೆ. ಎದುರಿಗೂ ಒಂದು ಲಾರಿ ಇದೆಯೆಂದು ಗಾಬರಿಯಾಗಿ ಸ್ಟಿಯರಿಂಗ್ ತಿರುಗಿಸಿಬಿಟ್ಟೆ. ತುರ್ತು ಫೋನಿನ ಡಬ್ಬಿ ಇರುವ ಕಡೆ ರಸ್ತೆ ಅಗಲವಾಗುತ್ತದಲ್ಲ, ಅಲ್ಲಿ ನುಗ್ಗಿ ನಿಂತೆವು. ಟ್ಯಾಂಕರ್ ಹೋಯಿತು. ಬಂಡೆಯಿಂದ ನೀರು ತೊಟ್ಟಿಕ್ಕುವುದು ಕೇಳಿಸಿತು. ಅದು ಸಮುದ್ರ ಎಂಬುದು ಗೊತ್ತಿದ್ದೂ ಅಷ್ಟು ದಿನ ಗೊತ್ತಿರಲಿಲ್ಲ ನನಗೆ.

ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದೆ, ಏನೂ ಆಗದ ಹಾಗೆ ಹತ್ತಿಕೊಂಡು ಮನೆಗೆ ಬಂತು.

ನೀವು ಎರಡು ಸಲ ಹೋದಾಗ ಸುಮ್ಮನಿದ್ದ ಗಾಡಿ ನನ್ನ ಮುಂದೆ ಮಾತ್ರ ಹೀಗೇಕೆ? ಪ್ರಾಸ ಹುಡುಕಿದೆ, ಸಿಗಲಿಲ್ಲ.

ಮಂಗಳವಾರ ಮತ್ತೆ ತಂದು ಬಿಡುತ್ತೇನೆ.

ಇಂತಿ,
ಸಿನ್ನೋವ

*

ಗುರುವಾರ, ೯ ನವೆಂಬರ್

ಪ್ರಿಯ ಸಿನ್ನೋವ,

ಮೊನ್ನೆ ಮಂಗಳವಾರ ನಿಮಗೆ ಬದಲಿ ಗಾಡಿ ಕೊಟ್ಟು ಕಳಿಸಿ, ಎರಡು ದಿನ ನಿಮ್ಮದನ್ನು ಇಲ್ಲೇ ಇಟ್ಟುಕೊಂಡೆವು. ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಬದಲಿಸಿದ್ದೇವೆ. ಆ ಸಂಕೇತಕ್ಕೆ ಹತ್ತರಲ್ಲಿ ಏಳು ಸಲ ಅದೇ ಕಾರಣ. ಬಿಲ್ಲು ಕಳಿಸುವುದಿಲ್ಲ, ಆಗಸ್ಟ್‌ನ ಪೆನ್ನಿನ ಲೆಕ್ಕಕ್ಕೆ ಅದು.

ಜಾಬ್ ಕಾರ್ಡ್ ಜೊತೆಗಿದೆ. ಸುರಂಗದ ಪರೀಕ್ಷೆಯನ್ನೂ ಬರೆದಿದ್ದೇನೆ.

ಒಂದೆರಡು ಪ್ರಶ್ನೆ. ಅಂದು ನಿಂತಾಗ ಎಂಜಿನ್ ಕಡೆಯಿಂದ ತಟ್ಟಿದಂಥ ಶಬ್ದವೇನಾದರೂ ಬಂತೇ? ನಿಂತದ್ದು ತಳದಿಂದ ಎಷ್ಟು ದೂರ? ಫೋನಿನ ಡಬ್ಬಿಯ ದೀಪ ಉರಿಯುತ್ತಿತ್ತೇ? ಗಾಳಿ ಹೇಗಿತ್ತು, ಉಸಿರಾಡಲು ಸಾಕಷ್ಟಿತ್ತೇ? ಕೊನೆಯ ಎರಡು ಕಾರಿಗೆ ಸಂಬಂಧಿಸಿದ್ದಲ್ಲ. ಸುಮ್ಮನೆ ಕೇಳಿದೆ.

ಇಂತಿ ನಿಮ್ಮ,
ಐಲಿಫ್

*

ಗುರುವಾರ, ೨೩ ನವೆಂಬರ್

ಪ್ರಿಯ ಐಲಿಫ್,

ಹನ್ನೆರಡು ದಿನ ದೀಪ ಹತ್ತಲಿಲ್ಲ. ಹದಿಮೂರನೆಯ ದಿನ ಹತ್ತಿತು.

ಆ ಹನ್ನೆರಡು ದಿನವೂ ನಾನು ನೆಮ್ಮದಿಯಿಂದ ಓಡಿಸಿದೆ ಎಂದುಕೊಳ್ಳಬೇಡಿ. ಸುರಂಗದ ಬಾಯಿಗೆ ಬಂದ ಕೂಡಲೇ ಗೋಡೆಯ ದೀಪಗಳನ್ನು ಎಣಿಸುತ್ತೇನೆ. ನೂರ ಹದಿನಾಲ್ಕನೆಯದರಲ್ಲಿ ತಳ. ಅಲ್ಲಿಂದ ರಸ್ತೆ ನೋಡುವುದು ಬಿಟ್ಟು ಡ್ಯಾಶ್‌ಬೋರ್ಡನ್ನೇ ನೋಡುತ್ತೇನೆ. ಇದು ದೀಪಕ್ಕಿಂತ ಅಪಾಯ ಎಂದು ನನಗೂ ತಿಳಿದಿದೆ. ರಾತ್ರಿ ಮಲಗಿದರೆ ಅಂಗಾಲು ತಾನಾಗಿ ಪೆಡಲ್ ಒತ್ತುತ್ತದೆ. ಅರ್ವಿಡ್ ಮೊಣಕಾಲಿನಿಂದ ತಿವಿದು "ಬ್ರೇಕ್ ಹಾಕೇ" ಎನ್ನುತ್ತಾನೆ.

ಅವನಿಗೆ ಈಗ ಬೇರೆ ಅನುಮಾನ ಬಂದಿದೆ. ಮೊನ್ನೆ ಕಾಫಿಗೆ ಕೂತಾಗ ಮೆಲ್ಲಗೆ ತೆಗೆದ.

"ಬೇಜಾರು ಮಾಡ್ಕೋಬೇಡ ಕಣೇ. ನೀನು ಹೆದ್ರಿ ಕಾಲು ಎತ್ತಿಬಿಡ್ತೀಯೇನೋ."

"ನಾನು ಎತ್ತಲ್ಲ ಕಣೋ, ಒತ್ತೇ ಇರ್ತೀನಿ."

"ನಿಂಗೆ ಹಾಗನ್ಸತ್ತೆ. ಎರಡು ಸಲ ಐಲಿಫ್ ತಳದ ತನಕ ಹೋಗಿ ನೋಡಿದಾನೆ. ಬರೆದೂ ಕೊಟ್ಟಿದಾನೆ."

"ಅವನ ಮೇಲೆ ನಿಂಗೆ ಸಿಟ್ಟಲ್ವಾ? ಇಪ್ಪತ್ತೆರಡು ವರ್ಷದಿಂದ ಮನೆ ಕಡೆ ತಲೆ ಹಾಕಿಲ್ಲ ಅಂತ?"

"ಅದು ಬೇರೆ. ಅವ್ನು ದೊಡ್ಡ ಮನುಷ್ಯ ಆಗ್ಬಿಟ್ಟ. ತನ್ನಮ್ಮನ ಮಣ್ಣಿಗೆ ಬಂದಾಗ್ಲೂ ಬಾಡಿಗೆ ದೋಣೀಲಿ ಬಂದ ದೊರೆ. ಆದ್ರೆ ಹದ್ನಾಲ್ಕು ವರ್ಷ ಅವನು ಬರೆದ ಎಂಜಿನ್ ಪುಸ್ತಕ ಓದಿದೀನಿ. ಎಣ್ಣೆ ಅರ್ಧ ಲೀಟರ್ ಕಮ್ಮಿ ಇದ್ರೆ ಅರ್ಧ ಅಂತ್ಲೇ ಬರೀತಿದ್ದ. ಐಲಿಫ್ ಸುಳ್ಳು ಬರೆಯೋನಲ್ಲ."

ನಾನೂ ಹಾಗೇ ನಂಬಿದವಳು. ಕಾರಿನಲ್ಲಿ ದೋಷವಿಲ್ಲವೆಂದರೆ ಉಳಿದದ್ದು ಚಾಲಕಿ.

ಒಂದು ಕೋರಿಕೆ. ಶನಿವಾರ ಬನ್ನಿ. ನಿಮ್ಮನ್ನು ಶೋರೂಮಿನಿಂದ ನಾನೇ ಹತ್ತಿಸಿಕೊಂಡು ಬರುತ್ತೇನೆ. ಪಕ್ಕದಲ್ಲಿ ಕೂತು ನನ್ನ ಕಾಲು ನೋಡಿ, ಎತ್ತುತ್ತೇನೋ ಒತ್ತುತ್ತೇನೋ. ಹೇಗೂ ಕ್ರಿಸ್‌ಮಸ್‌ಗೆಂದು ಕುರಿಯ ಪಕ್ಕೆಲುಬು ಉಪ್ಪು ಹಾಕಿಟ್ಟಿದ್ದೇನೆ, ಒಂದು ತುಂಡು ಮುಂಚೆಯೇ ಬೇಯಿಸಿದರೆ ಪಾಪವಿಲ್ಲ. ಅರ್ವಿಡ್ ಗೊಣಗುತ್ತಾನೆ, ಆಮೇಲೆ ನಿಮ್ಮ ತಟ್ಟೆಗೆ ತನ್ನ ಪಾಲನ್ನೂ ಬಡಿಸುತ್ತಾನೆ.

ಇಂತಿ,
ಸಿನ್ನೋವ

*

ಸೋಮವಾರ, ೨೭ ನವೆಂಬರ್

ಪ್ರಿಯ ಸಿನ್ನೋವ,

ಶನಿವಾರ ಬರಲಾಗಲಿಲ್ಲ. ಮೊದಲ ಹಿಮ ಬಿದ್ದಿದೆ, ಇಡೀ ಜಿಲ್ಲೆ ಒಂದೇ ವಾರದಲ್ಲಿ ಚಳಿಗಾಲದ ಟೈರ್ ಹಾಕಿಸಿಕೊಳ್ಳಲು ಬಂದಿದೆ. ನನ್ನ ಮೊಣಕಾಲೂ ಸರಿಯಿಲ್ಲ.

ದೀರ್ಘ ಏರಿನಲ್ಲಿ ಚಾಲಕರ ಅಭ್ಯಾಸದಿಂದಲೂ ಇಂಥ ಸೂಚನೆಗಳು ಬರುವುದುಂಟು. ಎರಡನೆಯ ಗೇರಿನಲ್ಲಿ, ಒಂದೇ ಸಮನೆ ಓಡಿಸಿ ನೋಡಿ. ಸಾಧ್ಯವಾದರೆ ಸದ್ಯಕ್ಕೆ ಟ್ಯಾಕ್ಸಿ ಬಳಸಿ.

ಇಂತಿ,
ಐಲಿಫ್ ತ್ವೈಟ್
ಮುಖ್ಯಸ್ಥ, ಸರ್ವಿಸ್ ವಿಭಾಗ

*

ಬುಧವಾರ, ೬ ಡಿಸೆಂಬರ್

ಐಲಿಫ್,

ಈ ಕಾಗದವನ್ನು ನೆರೆಮನೆಯ ಗುದ್ರುನ್ ಕೈಯಲ್ಲಿ ಕಳಿಸುತ್ತಿದ್ದೇನೆ. ನಾಳೆ ಅವಳು ಪಟ್ಟಣಕ್ಕೆ ಬರುತ್ತಾಳೆ. ಉತ್ತರ ಕೊಡುವ ತನಕ ನಿಮ್ಮ ಕೌಂಟರ್ ಬಿಟ್ಟು ಏಳಬೇಡ ಎಂದು ಹೇಳಿದ್ದೇನೆ. ಅವಳಿಗೆ ಯಾರಿಗೂ ತೊಂದರೆ ಕೊಡಲು ಸಂಕೋಚವಿಲ್ಲ.

ಸೋಮವಾರ ಏನಾಯಿತೆಂದು ಎಳೆದು ತಂದ ಗಾಡಿ ನೋಡಿ ನಿಮಗೆ ಅರ್ಧ ಗೊತ್ತಾಗಿರಬೇಕು. ಉಳಿದರ್ಧ ಇದು.

ತಳದಿಂದ ಮೇಲೇರುವಾಗ ದೀಪ ಹತ್ತಿತು, ಆಮೇಲೆ ಎಲ್ಲ ದೀಪಗಳೂ ಹತ್ತಿದವು, ಆಮೇಲೆ ಎಂಜಿನ್ ನಿಂತೇಹೋಯಿತು. ಈ ಸಲ ಅಗಲದ ಜಾಗ ಇರಲಿಲ್ಲ. ರಸ್ತೆಯ ಮೇಲೆಯೇ ನಿಂತೆವು. ಹ್ಯಾಂಡ್‌ಬ್ರೇಕ್ ಎಳೆದೆ, ನಾಲ್ಕೂ ಕಡೆಯ ದೀಪ ಮಿಟುಕಿಸಿದೆ, ಬೆಳಕು ಪ್ರತಿಫಲಿಸುವ ಅಂಗಿ ಹಾಕಿಕೊಂಡೆ. ಫೋನಿನ ಡಬ್ಬಿ ಅರವತ್ತು ಹೆಜ್ಜೆ ಕೆಳಗೆ. ಮೊಬೈಲಿಗೆ ಅಲ್ಲಿ ಸಿಗ್ನಲ್ ಇಲ್ಲ. ಬಾಗಿಲು ತೆಗೆದಾಗ ಒಳಗಿನ ಬೆಳಕು ಹತ್ತಿತು, ಅರ್ವಿಡ್‌ನ ತೋಳು ಕಂಡಿತು. ಸೂಜಿ ಚುಚ್ಚಿದ್ದ ಜಾಗ ಬಿಚ್ಚಿಕೊಂಡಿತ್ತು. ಅಂಗಿ, ಸೀಟು, ಬೆಲ್ಟು, ಎಲ್ಲ ಒದ್ದೆ.

ಹೆಬ್ಬೆರಳಿನಿಂದ ಒತ್ತಿ ಹಿಡಿದೆ. ಬಿಟ್ಟರೆ ರಕ್ತ. ಹಿಡಿದರೆ ಫೋನಿಲ್ಲ. ಹಿಂದಿನಿಂದ ಗಾಡಿ ಬಂದರೆ ಇಬ್ಬರೂ ಇಲ್ಲ. ಅವನಿಗೆ ತಾನೇ ಒತ್ತಿಕೊಳ್ಳಲು ಶಕ್ತಿ ಇರಲಿಲ್ಲ. ತಲೆ ಪಕ್ಕಕ್ಕೆ ವಾಲುತ್ತಿತ್ತು. ಅರವತ್ತು ಹೆಜ್ಜೆ ಐಲಿಫ್. ನಾನು ಒಂದು ಹೆಜ್ಜೆಯೂ ಇಡಲಿಲ್ಲ. ಹನ್ನೊಂದು ನಿಮಿಷ.

ಬಂದವಳು ಮೀನಿನ ಲಾರಿಯ ಚಾಲಕಿ, ಮೂವತ್ತು ತುಂಬಿರಲಿಕ್ಕಿಲ್ಲ. ಲಾರಿಯನ್ನು ನಮ್ಮ ಹಿಂದೆ ಅಡ್ಡ ನಿಲ್ಲಿಸಿ, ಫೋನ್ ಮಾಡಿ ಓಡಿ ಬಂದಳು. ಅರ್ವಿಡ್‌ನ ಕೈಯನ್ನು ಮೇಲಕ್ಕೆತ್ತಿ ಹಿಡಿದು, "ಹಾಜರಿ ಹೇಳೋ ಥರ ಎತ್ತಿ ಹಿಡೀರಿ ಅಜ್ಜ. ಹೂಂ, ಹೆಸರು ಹೇಳಿ, ಊರು ಹೇಳಿ, ನಿದ್ದೆ ಮಾಡ್ಬಾರ್ದು," ಎನ್ನುತ್ತಲೇ ಇದ್ದಳು. ಅವನು ಹೆಸರು ಹೇಳಿದ. ಊರಿಗೆ ಬದಲು ನಿಮ್ಮ ಫೆರಿಯ ಹೆಸರು ಹೇಳಿದ.

ಇವತ್ತು ಬುಧವಾರ. ನಾವು ಮನೆಯಲ್ಲಿದ್ದೇವೆ.

"ಹೋಗಲ್ಲ," ಎಂದ ಬೆಳಿಗ್ಗೆ.

"ಟ್ಯಾಕ್ಸಿ ಕರೀತೀನಿ. ನಾನು ಓಡ್ಸಲ್ಲ."

"ಟ್ಯಾಕ್ಸೀನೂ ಬೇಡ, ನಿನ್ನ ಕಾರೂ ಬೇಡ. ಆ ಬಿಲದೊಳಗೆ ಮತ್ತೆ ನಿಲ್ಲಲ್ಲ ನಾನು."

"ನಿಂತಿದ್ದು ಕಾರು ಅರ್ವಿಡ್. ಟ್ಯಾಕ್ಸಿ ನಿಲ್ಲಲ್ಲ."

"ಕಾರು ಯಾಕೆ ನಿಂತುಹೋಯ್ತು? ಹೇಳು. ಕಾರಲ್ಲಿ ಏನೂ ಇಲ್ಲ ಅಂತ ಬರೆದಿದಾರಲ್ಲ. ಏನೂ ಇಲ್ದೆ ಅದು ನಿಲ್ಲುತ್ತೆ ಅಂದ್ರೆ ಯಾವುದು ಬೇಕಾದ್ರೂ ನಿಲ್ಲುತ್ತೆ."

ನರ್ಸ್ ಫೋನಿನಲ್ಲಿ ಸುತ್ತಿ ಬಳಸಿ ಹೇಳಲಿಲ್ಲ: ಶುಕ್ರವಾರವೂ ತಪ್ಪಿದರೆ, ವಾರಾಂತ್ಯದಲ್ಲಿ ಅವನ ಹೃದಯ ನಿಲ್ಲಬಹುದು. ಅವನಿಗೆ ಹೇಳಿದೆ. ಕಿಟಕಿಯ ಕಡೆ ತಿರುಗಿಕೊಂಡ.

ನಾನು ಕ್ಲಚ್ ತಪ್ಪಿ ಬಿಟ್ಟು ಎಂಜಿನ್ ನಿಲ್ಲಿಸಿದೆನೇ? ಹೆದರಿಕೆಯಲ್ಲಿ ಕಾಲು ಎತ್ತಿದೆನೇ? ಎತ್ತಿಲ್ಲ ಎಂದು ಸೋಮವಾರದ ತನಕ ಆಣೆ ಮಾಡುತ್ತಿದ್ದೆ. ಈಗ ಆ ಕ್ಷಣ ನೆನೆಸಿಕೊಂಡರೆ ನನ್ನ ಕಾಲೇ ನೆನಪಿಗೆ ಬರುವುದಿಲ್ಲ. ಹನ್ನೊಂದು ನಿಮಿಷ ಅವನನ್ನು ಅಲ್ಲಿ ನಿಲ್ಲಿಸಿದವಳು ನಾನೇ ಆದರೆ, ನನಗೆ ಸ್ಟಿಯರಿಂಗ್ ಹಿಡಿಯುವ ಹಕ್ಕಿಲ್ಲ.

ಆದ್ದರಿಂದ ಒಂದೇ ಪ್ರಶ್ನೆ, ಹೌದು ಅಥವಾ ಇಲ್ಲ. ಪರೀಕ್ಷೆಗೆ ಓಡಿಸಿದ ಆ ಎರಡು ದಿನಗಳಲ್ಲಿ ನೀವು ತಳದಿಂದ ಏರು ಹತ್ತುವಾಗ ದೀಪ ಹತ್ತದೇ ಇದ್ದದ್ದನ್ನು ನಿಮ್ಮ ಕಣ್ಣಾರೆ ಕಂಡಿರಾ? ಹೌದು ಎಂದು ಬರೆದರೆ ಬರುವ ಸೋಮವಾರ ಪೊಲೀಸ್ ಠಾಣೆಗೆ ಹೋಗಿ ಲೈಸೆನ್ಸ್ ಒಪ್ಪಿಸಿಬಿಡುತ್ತೇನೆ. ಅರ್ವಿಡ್‌ಗೂ ಹೇಳುತ್ತೇನೆ, ಕಾರಿನದಲ್ಲ, ಸುರಂಗದ್ದಲ್ಲ, ತಪ್ಪು ನನ್ನದು, ನೀನು ಬೇರೆಯವರ ಜೊತೆ ಧೈರ್ಯವಾಗಿ ಹೋಗು ಎಂದು.

ಸಿನ್ನೋವ

*

ಗುರುವಾರ, ೭ ಡಿಸೆಂಬರ್

ಸಿನ್ನೋವ,

ಗುದ್ರುನ್ ಎದುರಿಗೇ ಕೂತಿದ್ದಾಳೆ. ಮೂರನೆಯ ಕಪ್ ಕಾಫಿ. "ನೀವು ಬರೀರಿ, ನಂಗೇನು ಅವಸರ ಇಲ್ಲ" ಎನ್ನುತ್ತಾ ಗಡಿಯಾರ ನೋಡುತ್ತಾಳೆ.

ಲೈಸೆನ್ಸ್ ಒಪ್ಪಿಸಬೇಡಿ.

ಸೋಮವಾರ ಎಳೆದು ತಂದ ಗಾಡಿಯನ್ನು ಮಂಗಳವಾರ ಬೆಳಿಗ್ಗೆ, ತುಂಡಾಗಿದ್ದ ವೈರನ್ನು ತಾತ್ಕಾಲಿಕವಾಗಿ ಜೋಡಿಸಿ, ಇಳಿಜಾರಿನ ಕಟ್ಟೆಯ ಮೇಲೆ ಮೂತಿ ಮೇಲೆ ಮಾಡಿ ನಿಲ್ಲಿಸಿದೆವು. ಒಬ್ಬ ಬ್ರೇಕ್ ತುಳಿದು ಆಕ್ಸಿಲರೇಟರ್ ಒತ್ತಿದ, ನಾನು ಟಾರ್ಚ್ ಹಿಡಿದು ಬಾನೆಟ್ಟಿನೊಳಗೆ ನೋಡಿದೆ. ಎಂಜಿನ್ನನ್ನು ಹಿಡಿದಿಡುವ ರಬ್ಬರು ಹರಿದಿದೆ. ಸಮತಟ್ಟಿನಲ್ಲಿ ಅದು ತಿಳಿಯುವುದಿಲ್ಲ. ಏರಿನಲ್ಲಿ ಭಾರ ಬಿದ್ದಾಗ ಇಡೀ ಎಂಜಿನ್ ಹಿಂದಕ್ಕೆ ವಾಲಿ ವೈರುಗಳ ಕಟ್ಟನ್ನು ಎಳೆಯುತ್ತದೆ. ಎಳೆದೆಳೆದು ಒಂದು ವೈರ್ ಸವೆದು ಬತ್ತಲಾಗಿ, ತಗಡಿಗೆ ತಾಗುತ್ತಿತ್ತು. ಸೋಮವಾರ ತುಂಡಾಯಿತು. ಸೆನ್ಸರಿನಲ್ಲಿ ಏನೂ ಇರಲಿಲ್ಲ. ಅದನ್ನು ಬದಲಿಸುವಾಗ ವೈರನ್ನು ಸ್ವಲ್ಪ ಸರಿಸಿದ್ದರಿಂದ ಹನ್ನೆರಡು ದಿನ ಸುಮ್ಮನಿತ್ತು. ಮಂಗಳವಾರವೇ ನಿಮಗೆ ಹೇಳಬಹುದಿತ್ತು. ಎರಡು ದಿನದಿಂದ ಫೋನ್ ಎತ್ತಿ ಇಡುತ್ತಿದ್ದೇನೆ.

ಇದನ್ನು ಅರ್ವಿಡ್‌ಗೆ ಓದಿ ಹೇಳಿ. ಅವನಿಗೆ ಚಿತ್ರವೂ ಬೇಡ, ರಬ್ಬರು ಹರಿದರೆ ಎಂಜಿನ್ ಹೇಗೆ ವಾಲುತ್ತದೆಂದು ನಮ್ಮಿಬ್ಬರಿಗೂ ಫೆರಿಯೇ ಕಲಿಸಿದೆ. ಗಾಡಿ ಕಾರಣವಿಲ್ಲದೆ ನಿಂತದ್ದಲ್ಲ. ನಾಳೆ ಆರೂವರೆಗೆ ಟ್ಯಾಕ್ಸಿ ಬರುತ್ತದೆ. ಆಸ್ಪತ್ರೆಯ ಕಚೇರಿಗೆ ಫೋನ್ ಮಾಡಿ ಅವನೊಬ್ಬನಿಗೇ ಎಂದು ಹೇಳಿದ್ದೇನೆ, ಮುಗಿದ ಕೂಡಲೇ ವಾಪಸು. ನೀವೂ ಜೊತೆಗೆ ಕೂತುಕೊಳ್ಳಿ. ಅವನು ಹೋಗಲೇಬೇಕು.

ನಿಮ್ಮ ಪ್ರಶ್ನೆ ಉಳಿದಿದೆ.

ಏರಿನಲ್ಲಿ ಒಂದೇ ಒಂದು ಸಲ ಓಡಿಸಿದ್ದರೆ ಅಕ್ಟೋಬರಿನಲ್ಲೇ ಇದು ಸಿಗುತ್ತಿತ್ತು.

ಸುರಂಗ ತೆರೆದ ದಿನ, ಗಾಡಿ ಬಿಡುವ ಮುಂಚೆ, ಊರಿಗೆ ಊರೇ ನಡೆದು ದಾಟಿತಲ್ಲ, ನಾನೂ ಅರ್ವಿಡ್ ಜೊತೆ ಹೊರಟಿದ್ದೆ. ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಎದೆ ಹಿಡಿದುಕೊಂಡಿತು. ಬೂಟು ಕಚ್ಚುತ್ತಿದೆ ಎಂದೆ. ಅವನು ಅಲ್ಲೇ ಕೂತು ತನ್ನ ಬೂಟು ಬಿಚ್ಚಿ ಕೊಟ್ಟ. ಅದನ್ನು ಹಾಕಿಕೊಂಡು ನಾನು ಹೊರಗೆ ಓಡಿದೆ, ಅವನು ಕಾಲುಚೀಲದಲ್ಲೇ ಉಳಿದ ದಾರಿ ನಡೆದ. ಅಂದಿನಿಂದ ನಾನು ಅದರೊಳಗೆ ಕಾಲಿಟ್ಟಿಲ್ಲ. ಎರಡು ಸಲವೂ ನಿಮ್ಮ ಗಾಡಿಯನ್ನು ಸುರಂಗದ ಬಾಯಿಯ ತನಕ ಓಡಿಸಿ, ಬಸ್ ನಿಲ್ದಾಣದಲ್ಲಿ ತಿರುಗಿಸಿ, ಇಪ್ಪತ್ತು ನಿಮಿಷ ಕೂತು, ಬಂದು ಜಾಬ್ ಕಾರ್ಡ್ ಬರೆದೆ.

ಉತ್ತರ: ಇಲ್ಲ. ನಾನು ಒಳಗೆ ಹೋಗಲೇ ಇಲ್ಲ.

ಐಲಿಫ್